ಡ್ರೈವರ್ ಹುಡುಕುವ ಮೊದಲು ಫೋನನ್ನೇ ಕೇಳಿ

(ಮೊಬೈಲ್ ಸರ್ವಿಸ್ ಕಲಿಯುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತೀರಿ. ಸದ್ದು ಬರುತ್ತದೆ. ಆದರೆ ನಿಮ್ಮ ಸಾಫ್ಟ್‌ವೇರ್‌ಗೆ ಫೋನ್ ಕಾಣುವುದೇ ಇಲ್ಲ. ಗಿರಾಕಿ ಎದುರಿಗೆ ನಿಂತಿದ್ದಾರೆ. ಆಗ ಏನು ಮಾಡುತ್ತೀರಿ? ಫೋನಿನ ಮಾಡೆಲ್ ಹೆಸರು ಬರೆದು, ಪಕ್ಕದಲ್ಲಿ 'ಡ್ರೈವರ್ ಡೌನ್‌ಲೋಡ್' ಅಂತ ಸೇರಿಸಿ ಹುಡುಕುತ್ತೀರಿ. ಡ್ರೈವರ್ ಅಂದರೆ ಫೋನಿನಂಥ ಸಾಧನದ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್. ಸಿಕ್ಕಿದ ಮೊದಲ ಫೈಲ್ ಇಳಿಸುತ್ತೀರಿ. ಆಂಟಿವೈರಸ್ ಅಡ್ಡ ಬಂದರೆ ಅದನ್ನೂ ಆಫ್ ಮಾಡುತ್ತೀರಿ.

ಈ ಅಭ್ಯಾಸವನ್ನು ನೀವು ಬಿಡಬೇಕು. ಅದನ್ನು ಹೇಳಲಿಕ್ಕೇ ನಾನು ಬಂದಿರುವುದು. ಅಂಗಡಿಯ ಕಂಪ್ಯೂಟರ್ ನಿಮ್ಮೊಬ್ಬರದಲ್ಲ. ಊರಿನವರ ಮದುವೆ ಫೋಟೋ, ಮಕ್ಕಳ ವಿಡಿಯೋ, ಆಧಾರ್ ಕಾರ್ಡಿನ ಚಿತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ ಎಲ್ಲ ಆ ಕಂಪ್ಯೂಟರ್ ಮೂಲಕ ಹಾದು ಹೋಗುತ್ತವೆ. ಡ್ರೈವರ್ ಅನ್ನುವುದು ಸಾಮಾನ್ಯ ಪ್ರೋಗ್ರಾಂ ಅಲ್ಲ. ಹೆಚ್ಚಿನ ಡ್ರೈವರ್‌ಗಳು ವಿಂಡೋಸ್‌ನ ಕರ್ನೆಲ್, ಅಂದರೆ ಅದರ ತಿರುಳಿನ ಒಳಗೇ ಕೆಲಸ ಮಾಡುತ್ತವೆ. ಅಲ್ಲಿ ಕೂತವರಿಗೆ ಇಡೀ ಕಂಪ್ಯೂಟರ್ ಕೈಯಲ್ಲಿದ್ದ ಹಾಗೆ. ಗೊತ್ತಿಲ್ಲದ ಜಾಗದಿಂದ ತಂದ ಡ್ರೈವರ್ ಹಾಕಿದರೆ ಅಪಾಯ ನಿಮಗಿಂತ ಜಾಸ್ತಿ ನಿಮ್ಮನ್ನು ನಂಬಿ ಫೋನ್ ಕೊಟ್ಟವರಿಗೆ.

ಸರಿ, ಹಾಗಾದರೆ ಮೊದಲು ಏನು ಮಾಡಬೇಕು? ಫೋನನ್ನೇ ಕೇಳಬೇಕು. ತಾನು ಯಾರು ಅಂತ ಅದು ಆಗಲೇ ಕಂಪ್ಯೂಟರಿಗೆ ಹೇಳಿಯಾಗಿದೆ. ನಾವು ಓದಿಲ್ಲ, ಅಷ್ಟೇ.

ಕೇಬಲ್‌ನಿಂದ ಶುರು ಮಾಡೋಣ. ಯುಎಸ್‌ಬಿ 2.0 ಕೇಬಲ್ ಒಳಗೆ ಮುಖ್ಯವಾಗಿ ನಾಲ್ಕು ತಂತಿ. ಕೆಂಪು ತಂತಿಯಲ್ಲಿ 5 ವೋಲ್ಟ್. ಕಪ್ಪು ಗ್ರೌಂಡ್. ಹಸಿರು ಮತ್ತು ಬಿಳಿ ತಂತಿಗಳು ಡೇಟಾಕ್ಕೆ. ಅವಕ್ಕೆ ಡಿ ಪ್ಲಸ್, ಡಿ ಮೈನಸ್ ಅಂತ ಹೆಸರು. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಈ ಡೇಟಾ ತಂತಿಗಳು ಇರುವುದೇ ಇಲ್ಲ. ಚಾರ್ಜ್ ಚೆನ್ನಾಗಿ ಆಗುತ್ತದೆ. 'ಚಾರ್ಜ್ ಆಗ್ತಿದೆಯಲ್ಲ, ಕೇಬಲ್ ಸರಿ ಇದೆ' ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಸಿಕ್ಕಿಸಿದಾಗ ಕಂಪ್ಯೂಟರಿನಿಂದ ಸದ್ದೇ ಬರದಿದ್ದರೆ, ಸಾಧನಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಏನೂ ಅಲುಗಾಡದಿದ್ದರೆ, ಅದು ಡ್ರೈವರ್ ಸಮಸ್ಯೆ ಅಲ್ಲವೇ ಅಲ್ಲ. ಕೇಬಲ್ ಬದಲಿಸಿ. ಪೋರ್ಟ್ ಬದಲಿಸಿ. ಫೋನಿನ ಚಾರ್ಜಿಂಗ್ ಜಾಕ್‌ನಲ್ಲಿ ಧೂಳು ಕೂತಿದೆಯಾ ನೋಡಿ.

ಇನ್ನೊಂದು ಸಂದರ್ಭ. ಫೋನಿನ ಹೆಸರು ಕಾಣುತ್ತದೆ, ತೆರೆದರೆ ಒಳಗೆ ಖಾಲಿ. ಇದೂ ಡ್ರೈವರ್ ಸಮಸ್ಯೆ ಅಲ್ಲ. ಆಂಡ್ರಾಯ್ಡ್ 6ರಿಂದ ಈಚೆಗೆ ಕೇಬಲ್ ಹಾಕಿದ ತಕ್ಷಣ ಫೋನ್ ಬರೀ ಚಾರ್ಜಿಂಗ್‌ಗೆ ಒಪ್ಪುತ್ತದೆ. ಲಾಕ್ ತೆಗೆದು, ಮೇಲಿನ ನೋಟಿಫಿಕೇಶನ್ ಎಳೆದು, ಫೈಲ್ ಟ್ರಾನ್ಸ್‌ಫರ್ ಅಂತ ಆರಿಸಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಹೆಸರಿನ ಕೊನೆಗೆ 'ಎನ್' ಇರುವ ವಿಂಡೋಸ್ ಇದ್ದರೆ ಮೀಡಿಯಾ ಫೀಚರ್ ಪ್ಯಾಕ್ ಬೇರೆಯಾಗಿ ಹಾಕಬೇಕು. ಇಲ್ಲದಿದ್ದರೆ ಯಾವ ಫೋನಿನ ಫೈಲೂ ಕಾಣುವುದಿಲ್ಲ. ಬೇರೆ ದೇಶದಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಆದರೆ ಇದನ್ನೊಮ್ಮೆ ನೋಡಿಕೊಳ್ಳಿ.

ಈಗ ನಿಜವಾದ ಪರಿಚಯಕ್ಕೆ ಬರೋಣ. ಕೇಬಲ್ ಸಿಕ್ಕಿಸಿದ ಕ್ಷಣ ಫೋನು ತನ್ನ ಡೇಟಾ ತಂತಿಯನ್ನು ಒಂದು ರೆಸಿಸ್ಟರ್ ಮೂಲಕ ಮೇಲಕ್ಕೆ ಎಳೆಯುತ್ತದೆ. 1.5 ಕಿಲೋ ಓಮ್. ವೋಲ್ಟೇಜ್ ಏರಿದ್ದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಅದು ಫೋನಿನ ಯುಎಸ್‌ಬಿಯನ್ನು ರೀಸೆಟ್ ಮಾಡುತ್ತದೆ. ಹೊಸದಾಗಿ ಬಂದವರಿಗೆಲ್ಲ ಮೊದಲು ವಿಳಾಸ ಸೊನ್ನೆ. ಆಮೇಲೆ 1ರಿಂದ 127ರ ಒಳಗೆ ಒಂದು ಸ್ವಂತ ವಿಳಾಸ ಸಿಗುತ್ತದೆ. ನಂತರ ಕಂಪ್ಯೂಟರ್ ಕೇಳುತ್ತದೆ: ನಿನ್ನ ವಿವರ ಕೊಡು. ಫೋನ್ 18 ಬೈಟ್‌ಗಳ ಒಂದು ಉತ್ತರ ಕಳಿಸುತ್ತದೆ. ಇದರ ಹೆಸರು ಡಿವೈಸ್ ಡಿಸ್ಕ್ರಿಪ್ಟರ್. ಇಷ್ಟೆಲ್ಲ ನಡೆಯುವುದಕ್ಕೆ ಫೋನಿನ ಡ್ರೈವರ್ ಬೇಕಾಗಿಯೇ ಇಲ್ಲ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಡ್ರೈವರ್ ಇಲ್ಲದಿದ್ದರೂ ಫೋನಿನ ಗುರುತು ಸಿಗುತ್ತದೆ.

ಆ 18 ಬೈಟ್‌ಗಳಲ್ಲಿ ನಮಗೆ ಮುಖ್ಯವಾದವು ಎರಡು ಸಂಖ್ಯೆ. ಒಂದು ವೆಂಡರ್ ಐಡಿ, ಅಂದರೆ ವಿಐಡಿ. ಇನ್ನೊಂದು ಪ್ರಾಡಕ್ಟ್ ಐಡಿ, ಅಂದರೆ ಪಿಐಡಿ. ಎರಡೂ ಹದಿನಾರರ ಲೆಕ್ಕದಲ್ಲಿ ಬರೆದ ನಾಲ್ಕು ಅಂಕೆಗಳು. ಅಂಕೆ 9 ಆದ ಮೇಲೆ ಎ, ಬಿ, ಸಿ, ಡಿ, ಇ, ಎಫ್ ಬರುತ್ತವೆ. ವಿಐಡಿಯನ್ನು ಕಂಪನಿಗಳಿಗೆ ಹಂಚುವುದು ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಂ ಎಂಬ ಸಂಸ್ಥೆ. ಪಿಐಡಿಯನ್ನು ಆಯಾ ಕಂಪನಿ ತಾನೇ ಇಟ್ಟುಕೊಳ್ಳುತ್ತದೆ. ಗಾಡಿಯ ಮೇಲೆ ಕೆಎ 09 ಅಂತ ಕಂಡರೆ ಮೈಸೂರಿನಲ್ಲಿ ನೋಂದಾಯಿಸಿದ್ದು ಅಂತ ತಿಳಿಯುತ್ತದೆ, ಅಲ್ವಾ? ಮುಂದಿನ ಸಂಖ್ಯೆ ಯಾವ ಗಾಡಿ ಅಂತ ಹೇಳುತ್ತದೆ. ಇದೂ ಹಾಗೇ.

ಸ್ಯಾಮ್‌ಸಂಗ್ ಆದರೆ 04ಇ8. ಗೂಗಲ್ 18ಡಿ1. ಶಿಯೋಮಿ 2717. ಒಪ್ಪೋ 22ಡಿ9. ವಿವೋ 2ಡಿ95. ಮೊಟೊರೊಲಾ 22ಬಿ8. ಆಪಲ್ 05ಎಸಿ. ಬಾಯಿಪಾಠ ಮಾಡಬೇಕಾಗಿಲ್ಲ. ಕೆಲಸ ಮಾಡುತ್ತಾ ಹೋದರೆ ತಾನಾಗಿ ಬರುತ್ತವೆ.

ನೋಡುವುದು ಎಲ್ಲಿ? ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತು ಇರುವ ಸಾಲಿನ ಪ್ರಾಪರ್ಟೀಸ್‌ಗೆ ಹೋಗಿ. ಡೀಟೇಲ್ಸ್ ಅನ್ನುವ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡಿಗಳು ಅಂತ ಆರಿಸಿ. ಯುಎಸ್‌ಬಿ, ವಿಐಡಿ, ಪಿಐಡಿ ಎಲ್ಲ ಒಂದೇ ಸಾಲಿನಲ್ಲಿ ಇರುತ್ತವೆ. ಕೊನೆಯಲ್ಲಿ ಎಂಐ 00, ಎಂಐ 01 ಅಂತ ಇದ್ದರೆ ಒಂದೇ ಕೇಬಲ್ ಮೇಲೆ ಫೋನ್ ಎರಡು ಕೆಲಸ ಮಾಡುತ್ತಿದೆ ಅಂತ ಅರ್ಥ. ಒಂದು ಫೈಲ್ ಕಳಿಸುವ ಎಂಟಿಪಿ ಇರಬಹುದು. ಇನ್ನೊಂದು ಡೀಬಗ್ ಮಾಡುವ, ಅಂದರೆ ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಟ್ಟು ತಪ್ಪು ಹುಡುಕುವ ಎಡಿಬಿ ಇರಬಹುದು. ವಿಂಡೋಸ್‌ಗೆ ಅವು ಎರಡು ಬೇರೆ ಬೇರೆ ಸಾಧನಗಳು. ಎರಡಕ್ಕೂ ಬೇರೆ ಡ್ರೈವರ್. ಒಂದು ಸರಿ ಇದ್ದು ಇನ್ನೊಂದು ಕೆಟ್ಟಿರಬಹುದು. 'ಫೋಟೋ ಕಾಪಿ ಆಗುತ್ತೆ ಸಾರ್, ಆದರೆ ಎಡಿಬಿ ಸಿಗಲ್ಲ' ಅಂತ ಹೇಳುವವರ ಸಮಸ್ಯೆ ಎಷ್ಟೋ ಸಲ ಇಷ್ಟೇ.

ಇನ್ನು ನಾನು ಬಹಳ ಒತ್ತಿ ಹೇಳಬೇಕಾದ ವಿಷಯ. ಫೋನ್ ಒಂದೇ ಆದರೂ ಅದರ ಸಂಖ್ಯೆ ಒಂದೇ ಅಲ್ಲ. ಮೋಡ್ ಬದಲಾದರೆ ಪಿಐಡಿ ಬದಲಾಗುತ್ತದೆ. ಕೆಲವೊಮ್ಮೆ ವಿಐಡಿ ಕೂಡ ಬದಲಾಗುತ್ತದೆ.

ಗೂಗಲ್‌ನ ಪಿಕ್ಸೆಲ್ ತೆಗೆದುಕೊಳ್ಳಿ. ಬರೀ ಎಂಟಿಪಿ ಇದ್ದಾಗ ಪಿಐಡಿ 4ಇಇ1. ಎಡಿಬಿ ಕೂಡ ಆನ್ ಮಾಡಿದರೆ 4ಇಇ2. ಫಾಸ್ಟ್‌ಬೂಟ್‌ಗೆ, ಅಂದರೆ ಆಂಡ್ರಾಯ್ಡ್ ಶುರುವಾಗುವ ಮೊದಲೇ ಫೋನಿಗೆ ಸಾಫ್ಟ್‌ವೇರ್ ಹಾಕುವ ಮೋಡ್‌ಗೆ ಹೋದರೆ 4ಇಇ0. ಸ್ಯಾಮ್‌ಸಂಗ್‌ನ ಹಲವು ಫೋನ್‌ಗಳು ಮಾಮೂಲಿ ಸ್ಥಿತಿಯಲ್ಲಿ 6860 ಅನ್ನುತ್ತವೆ. ಸಾಫ್ಟ್‌ವೇರ್ ತುಂಬುವ ಡೌನ್‌ಲೋಡ್ ಮೋಡ್‌ಗೆ ಹೋದರೆ 685ಡಿ ಅನ್ನುತ್ತವೆ. ಶಿಯೋಮಿಯ ಎಷ್ಟೋ ಫೋನ್‌ಗಳನ್ನು ಫಾಸ್ಟ್‌ಬೂಟ್‌ಗೆ ಹಾಕಿದರೆ 2717 ಕಾಣುವುದೇ ಇಲ್ಲ. 18ಡಿ1, ಡಿ00ಡಿ ಅಂತ ಬರುತ್ತದೆ. ಡಬ್ಬಿ ಮೇಲೆ ರೆಡ್‌ಮಿ ಅಂತ ಇದೆ, ಸಂಖ್ಯೆ ಗೂಗಲ್‌ನದು. ಆಗ ರೆಡ್‌ಮಿ ಡ್ರೈವರ್ ಅಂತ ಹುಡುಕಿ ಏನು ಸಿಗುತ್ತದೆ? ಬೇಕಾಗಿರುವುದು ಗೂಗಲ್ ತನ್ನ ಡೆವಲಪರ್ ತಾಣದಲ್ಲಿ ಕೊಡುವ ಯುಎಸ್‌ಬಿ ಡ್ರೈವರ್.

ಸತ್ತ ಫೋನ್‌ಗಳ ವಿಷಯದಲ್ಲಿ ಈ ಸಂಖ್ಯೆಗಳು ಇನ್ನೂ ಉಪಯೋಗಕ್ಕೆ ಬರುತ್ತವೆ. ಸ್ಕ್ರೀನ್ ಇಲ್ಲ, ವೈಬ್ರೇಶನ್ ಇಲ್ಲ, ಎಲ್ಲರೂ ಡೆಡ್ ಅಂತ ಕೈಬಿಟ್ಟಿದ್ದಾರೆ. ಕೇಬಲ್ ಹಾಕುತ್ತೀರಿ. 05ಸಿ6, 9008 ಅಂತ ಬರುತ್ತದೆ. 05ಸಿ6 ಅಂದರೆ ಪ್ರೊಸೆಸರ್ ಮಾಡುವ ಕ್ವಾಲ್‌ಕಾಮ್ ಕಂಪನಿ. 9008 ಅಂದರೆ ಇಡಿಎಲ್ ಮೋಡ್, ಅಂದರೆ ತುರ್ತು ಡೌನ್‌ಲೋಡ್ ಮೋಡ್. ಫೋನ್ ಕಂಪನಿಯ ಸಾಫ್ಟ್‌ವೇರ್ ಹೋಗಿರಬಹುದು. ಆದರೆ ಪ್ರೊಸೆಸರ್ ಬದುಕಿದೆ, ತನ್ನೊಳಗಿನ ರಾಮ್‌ನಿಂದಲೇ (ROM, ಕಾಯಂ ಮೆಮೊರಿ; RAM ಅಲ್ಲ) ಉತ್ತರ ಕೊಡುತ್ತಿದೆ. ಡ್ರೈವರ್ ಇಲ್ಲದಿದ್ದರೆ ಇದೇ ಸಾಧನ ಕ್ಯೂಎಚ್ಎಸ್ ಯುಎಸ್‌ಬಿ ಬಲ್ಕ್ ಅಂತ ಹಳದಿ ಗುರುತಿನೊಂದಿಗೆ ಕಾಣಬಹುದು. ಸರಿಯಾದ ಡ್ರೈವರ್ ಕೂತರೆ ಕಾಮ್ ಪೋರ್ಟ್‌ಗಳ ಪಟ್ಟಿಗೆ ಹೋಗಿ ಸೇರುತ್ತದೆ.

ಪ್ರೊಸೆಸರ್ ಮೀಡಿಯಾಟೆಕ್ ಕಂಪನಿಯದಾದರೆ ವಿಐಡಿ 0ಇ8ಡಿ. ಪಿಐಡಿ 0003 ಬಂದರೆ ಬೂಟ್ ರಾಮ್ (ROM) ಮಾತಾಡುತ್ತಿದೆ. 2000 ಬಂದರೆ ಪ್ರೀಲೋಡರ್, ಅಂದರೆ ಅದರ ನಂತರ ಓಡುವ ಪುಟ್ಟ ಪ್ರೋಗ್ರಾಂ. ಪ್ರೀಲೋಡರ್ ಒಂದೆರಡು ಸೆಕೆಂಡ್ ಮಾತ್ರ ಕಾಣಿಸಿ ಮಾಯವಾಗುತ್ತದೆ. ಬಂತು, ಹೋಯ್ತು, ಬಂತು, ಹೋಯ್ತು. ಇದನ್ನು ನೋಡಿ 'ಲೂಸ್ ಕನೆಕ್ಷನ್' ಅಂದುಕೊಳ್ಳುವವರು ತುಂಬಾ ಜನ. ಮೊದಲು ಸಂಖ್ಯೆ ನೋಡಿ. 2000 ಇದ್ದರೆ ಅದು ಬಂದು ಹೋಗುವುದೇ ಸಹಜ. ಕೇಬಲ್ ಹಾಕುವ ಮೊದಲೇ ನಿಮ್ಮ ಫ್ಲ್ಯಾಶ್ ಸಾಫ್ಟ್‌ವೇರ್ ಕಾಯುತ್ತಾ ಕೂತಿರಬೇಕು.

ಇನ್ನೊಂದು ಸಂಖ್ಯೆ ಇದೆ. ವಿಐಡಿ 0000, ಪಿಐಡಿ 0002. ಹೆಸರಿನ ಜಾಗದಲ್ಲಿ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್, ಜೊತೆಗೆ ಕೋಡ್ 43. ಇದು ಯಾವ ಕಂಪನಿಯದೂ ಅಲ್ಲ. ಕಂಪ್ಯೂಟರ್ ವಿವರ ಕೇಳಿತು, ಫೋನಿನಿಂದ ಸರಿಯಾದ ಉತ್ತರ ಬರಲಿಲ್ಲ, ಆಗ ವಿಂಡೋಸ್ ತಾನೇ ಹಾಕಿಕೊಂಡ ಸಂಖ್ಯೆ. ಇದಕ್ಕೆ ಡ್ರೈವರ್ ಹುಡುಕಿದರೆ ಜನ್ಮದಲ್ಲಿ ಸಿಗುವುದಿಲ್ಲ. ಕೇಬಲ್, ಪೋರ್ಟ್, ಚಾರ್ಜಿಂಗ್ ಬೋರ್ಡ್ ನೋಡಿ. ಕೋಡ್ 28 ಅಂತ ಬಂದರೆ ಮಾತ್ರ ಡ್ರೈವರ್ ಇಲ್ಲ ಅಂತ ನೇರ ಅರ್ಥ. ಕೋಡ್ 52 ಬಂದರೆ ಡ್ರೈವರ್ ಇದೆ, ಆದರೆ ಅದರ ಸಹಿ ವಿಂಡೋಸ್‌ಗೆ ಒಪ್ಪಿಗೆ ಇಲ್ಲ.

ಈಗ ಸಹಿಯ ವಿಷಯ.

ಡ್ರೈವರ್ ಅಂದರೆ ಒಂದೇ ಫೈಲ್ ಅಲ್ಲ, ಒಂದು ಕಟ್ಟು. ಅದರಲ್ಲಿ ಐಎನ್ಎಫ್ ಅನ್ನುವ ಪಠ್ಯ ಫೈಲ್ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು, ಓದಲೇಬೇಕು. ಯಾವ ಯಾವ ವಿಐಡಿ, ಪಿಐಡಿಗೆ ಈ ಡ್ರೈವರ್ ಅನ್ವಯಿಸುತ್ತದೆ ಅನ್ನುವ ಪಟ್ಟಿ ಅದರಲ್ಲೇ ಇದೆ. ನಿಮ್ಮ ಫೋನ್ ಹೇಳಿದ ಸಂಖ್ಯೆ ಆ ಪಟ್ಟಿಯಲ್ಲಿ ಇದೆಯಾ ಇಲ್ಲವಾ ನೋಡಿ. ಇನ್‌ಸ್ಟಾಲ್ ಮಾಡುವ ಮೊದಲೇ ಅರ್ಧ ಉತ್ತರ ಸಿಕ್ಕಿತು. ಇದರ ಜೊತೆ ಸಿಸ್ ಫೈಲ್ ಇರುತ್ತದೆ, ಕೆಲಸ ಮಾಡುವುದು ಅದು. ಕೊನೆಯದು ಕ್ಯಾಟ್ ಫೈಲ್. ಕಟ್ಟಿನಲ್ಲಿರುವ ಪ್ರತಿ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಹ್ಯಾಶ್ ಅನ್ನುವ ಉದ್ದ ಸಂಖ್ಯೆ ಈ ಕ್ಯಾಟ್ ಫೈಲಿನಲ್ಲಿ ಬರೆದಿರುತ್ತದೆ. ಅದರ ಮೇಲೆ ಡಿಜಿಟಲ್ ಸಹಿ. ಐಎನ್ಎಫ್‌ನಲ್ಲಿ ಒಂದು ಅಕ್ಷರ ಬದಲಿಸಿದರೂ ಹ್ಯಾಶ್ ಬದಲಾಗುತ್ತದೆ. ಸಹಿ ಹೊಂದುವುದಿಲ್ಲ. ಫೈಲ್ ಕೆಟ್ಟಿದೆ ಇಲ್ಲವೇ ಯಾರೋ ತಿದ್ದಿದ್ದಾರೆ ಅಂತ ವಿಂಡೋಸ್ ಗಲಾಟೆ ಮಾಡುತ್ತದೆ.

ಈ ಕಟ್ಟುನಿಟ್ಟು ಸುಮ್ನೆ ಬಂದದ್ದಲ್ಲ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದ 64 ಬಿಟ್ ಆವೃತ್ತಿಯಲ್ಲಿ ಕರ್ನೆಲ್ ಡ್ರೈವರ್‌ಗೆ ಸಹಿ ಕಡ್ಡಾಯವಾಯಿತು. 2016ರಲ್ಲಿ ವಿಂಡೋಸ್ 10ರ 1607 ಆವೃತ್ತಿ ಬಂದಾಗ ಇನ್ನೂ ಬಿಗಿಯಾಯಿತು. ಹೊಸ ಕರ್ನೆಲ್ ಡ್ರೈವರ್‌ಗಳನ್ನು ಕಂಪನಿಗಳು ಮೈಕ್ರೋಸಾಫ್ಟ್‌ಗೆ ಒಪ್ಪಿಸಿ ಅವರ ಸಹಿ ಪಡೆಯಬೇಕು ಅಂತ ಆಯಿತು.

ಇವುಗಳ ನಡುವೆ 2010ರಲ್ಲಿ ಸ್ಟಕ್ಸ್‌ನೆಟ್ ಬೆಳಕಿಗೆ ಬಂತು. ಇರಾನಿನ ಅಣು ಕಾರ್ಯಕ್ರಮಕ್ಕೆ ಗುರಿ ಇಟ್ಟಿದ್ದ ಮಾಲ್‌ವೇರ್ ಅದು. ಅದು ಹರಡಿದ ದಾರಿಗಳಲ್ಲಿ ಪೆನ್ ಡ್ರೈವ್ ಒಂದು. ಅದರ ಡ್ರೈವರ್‌ಗೆ ಸಹಿ ಇತ್ತು. ರಿಯಲ್‌ಟೆಕ್ ಕಂಪನಿಯ ಸಹಿ. ಆ ಸಹಿಯ ಕೀಲಿ ಕದ್ದದ್ದು. ಅದನ್ನು ರದ್ದು ಮಾಡಿದ ಮೇಲೆ ಜೆಮೈಕ್ರಾನ್ ಎಂಬ ಇನ್ನೊಂದು ಕಂಪನಿಯ ಸಹಿ ಇರುವ ಡ್ರೈವರ್ ಕಾಣಿಸಿಕೊಂಡಿತು. ಎರಡೂ ತೈವಾನಿನ ಕಂಪನಿಗಳು.

ಹಾಗಾದರೆ ಸಹಿ ಇದ್ದೂ ಏನು ಪ್ರಯೋಜನ ಅಂತ ನೀವು ಕೇಳಬಹುದು. ಡ್ರೈವರ್ ಒಳ್ಳೆಯದು ಅಂತ ಸಹಿ ಹೇಳುವುದಿಲ್ಲ. ಯಾರ ಹೆಸರಿನಲ್ಲಿ ಬಂದಿದೆ, ಅವರ ಕೈ ಬಿಟ್ಟ ಮೇಲೆ ಬೇರೆ ಯಾರೂ ತಿದ್ದಿಲ್ಲ ಅಂತ ಹೇಳುತ್ತದೆ. ಮೋಸ ಗೊತ್ತಾದ ದಿನ ಆ ಸಹಿಯನ್ನು ರದ್ದು ಮಾಡಲು ದಾರಿ ಇರುತ್ತದೆ. ಸಹಿಯೇ ಇಲ್ಲದ ಡ್ರೈವರ್ ಯಾರದು ಅಂತ ಕೇಳಲಿಕ್ಕೂ ಆಗುವುದಿಲ್ಲ.

ಫೋನ್ ಹೇಳುವ ಸಂಖ್ಯೆಯೂ ಅಷ್ಟೇ, ಅದು ಸಾಧನ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು. ಭದ್ರತಾ ಸಂಶೋಧಕರಾದ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ 2014ರಲ್ಲಿ ಬ್ಲ್ಯಾಕ್ ಹ್ಯಾಟ್ ಎಂಬ ಕಂಪ್ಯೂಟರ್ ಭದ್ರತಾ ಸಮ್ಮೇಳನದಲ್ಲಿ ಇದನ್ನು ತೋರಿಸಿದರು. ಪೆನ್ ಡ್ರೈವ್ ಒಳಗಿನ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್ ಬದಲಿಸಿ, ಅದು ತನ್ನನ್ನು ಕೀಬೋರ್ಡ್ ಅಂತ ಹೇಳಿಕೊಳ್ಳುವ ಹಾಗೆ ಮಾಡಿದ್ದರು. ಕಂಪ್ಯೂಟರ್ ನಂಬಿತು. ಅದೇ ವರ್ಷ ಎಫ್‌ಟಿಡಿಐ ಎಂಬ ಚಿಪ್ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂತು. ತನ್ನ ವಿಐಡಿ ಹೇಳಿಕೊಳ್ಳುತ್ತಿದ್ದ ನಕಲಿ ಚಿಪ್‌ಗಳ ಪಿಐಡಿಯನ್ನು ಅದು 0000 ಮಾಡಿಬಿಟ್ಟಿತು. ಚಿಪ್ ನಕಲಿ ಅಂತ ಗೊತ್ತೇ ಇಲ್ಲದೆ ಕೊಂಡವರ ಕೇಬಲ್‌ಗಳು ಕೆಲಸ ನಿಲ್ಲಿಸಿದವು. ಜನ ಸಿಟ್ಟಾದ ಮೇಲೆ ಆ ಡ್ರೈವರ್ ಹಿಂದಕ್ಕೆ ಹೋಯಿತು. ನಕಲಿ ಮಾಡಿದವರ ತಪ್ಪಿಗೆ ಬಳಸಿದವರ ವಸ್ತು ಕೆಡಿಸುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಇನ್ನು ಕೆಲಸದ ಮಾತು. ಸಂಖ್ಯೆ ಸಿಕ್ಕಿತು. ಡ್ರೈವರ್ ಎಲ್ಲಿಂದ ತರುವುದು? ಮೊದಲು ವಿಂಡೋಸ್ ಅಪ್‌ಡೇಟ್ ಒಳಗಿನ ಆಪ್ಷನಲ್ ಅಪ್‌ಡೇಟ್ಸ್ ನೋಡಿ. ಎಷ್ಟೋ ಸಲ ಅಲ್ಲೇ ಕಾದಿರುತ್ತದೆ. ಇಲ್ಲದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣದಲ್ಲಿ ಹಾರ್ಡ್‌ವೇರ್ ಐಡಿಯನ್ನೇ ಹಾಕಿ ಹುಡುಕಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಆಮೇಲೆ ಫೋನ್ ಕಂಪನಿಯ ಅಧಿಕೃತ ತಾಣ. ಎಡಿಬಿ, ಫಾಸ್ಟ್‌ಬೂಟ್‌ಗೆ ಗೂಗಲ್‌ನ ಡ್ರೈವರ್. ಇತ್ತೀಚಿನ ಹಲವು ಫೋನ್‌ಗಳು 'ನನಗೆ ವಿನ್‌ಯುಎಸ್‌ಬಿ ಸಾಕು' ಅಂತ ತಾವೇ ವಿಂಡೋಸ್‌ಗೆ ಹೇಳುತ್ತವೆ. ಅದು ವಿಂಡೋಸ್‌ನಲ್ಲೇ ಇರುವ ಸಾಮಾನ್ಯ ಯುಎಸ್‌ಬಿ ಡ್ರೈವರ್. ಏನೂ ಇಳಿಸಬೇಕಾಗಿಲ್ಲ.

ಇಳಿಸಿದ ಮೇಲೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್ ನೋಡಿ. ಯಾರ ಹೆಸರಿದೆ? ಸಹಿ ಸರಿ ಇದೆ ಅನ್ನುತ್ತದೆಯಾ? ಆ ಟ್ಯಾಬೇ ಇಲ್ಲದಿದ್ದರೆ ಆ ಇನ್‌ಸ್ಟಾಲರ್ ಬೇಡ.

ಗೂಗಲ್‌ನ ಐಎನ್ಎಫ್ ಪಟ್ಟಿಯಲ್ಲಿ ನಿಮ್ಮ ಫೋನಿನ ಸಂಖ್ಯೆ ಇಲ್ಲದಿದ್ದರೆ ಏನು ಮಾಡುವುದು? ಎಷ್ಟೋ ವಿಡಿಯೋಗಳಲ್ಲಿ ಹೀಗೆ ಹೇಳಿಕೊಡುತ್ತಾರೆ: ಐಎನ್ಎಫ್ ತೆರೆಯಿರಿ, ನಿಮ್ಮ ಸಂಖ್ಯೆ ಸೇರಿಸಿ, ಆಮೇಲೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಮಾಡಿ, 7 ಒತ್ತಿ ಸಹಿ ತಪಾಸಣೆ ಆಫ್ ಮಾಡಿ. ಬೇಡ. ನೀವು ತಿದ್ದಿದ ಒಂದು ಸಾಲಿಗೋಸ್ಕರ ಇಡೀ ಕಂಪ್ಯೂಟರಿನ ಕಾವಲು ತೆಗೆಯುತ್ತಿದ್ದೀರಿ. ಆ ಬೂಟ್‌ನಲ್ಲಿ ಬೇರೆ ಯಾವ ಡ್ರೈವರ್ ನುಗ್ಗಿದರೂ ತಡೆಯುವವರಿಲ್ಲ. ಕಂಪ್ಯೂಟರ್ ಶುರುವಾಗುವಾಗಲೇ ಸಹಿ ನೋಡುವ ಸೆಕ್ಯೂರ್ ಬೂಟ್ ಆಫ್ ಮಾಡಿ, ಸಹಿ ತಪಾಸಣೆ ಸಡಿಲವಾಗಿರುವ ಟೆಸ್ಟ್ ಮೋಡ್‌ನಲ್ಲೇ ವರ್ಷಗಟ್ಟಲೆ ಓಡಿಸುವುದು ಇನ್ನೂ ಕೆಟ್ಟದ್ದು.

ಅದಕ್ಕೆ ನೇರ ದಾರಿ ಇದೆ. ಐಎನ್ಎಫ್ ಮುಟ್ಟಬೇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಅಪ್‌ಡೇಟ್ ಡ್ರೈವರ್ ಒತ್ತಿ. ನನ್ನ ಕಂಪ್ಯೂಟರಿನಲ್ಲೇ ಹುಡುಕುತ್ತೇನೆ, ಪಟ್ಟಿಯಿಂದ ನಾನೇ ಆರಿಸುತ್ತೇನೆ ಅನ್ನುವ ದಾರಿ ಹಿಡಿಯಿರಿ. ಹ್ಯಾವ್ ಡಿಸ್ಕ್ ಒತ್ತಿ ಗೂಗಲ್‌ನ ಐಎನ್ಎಫ್ ತೋರಿಸಿ. ಬರುವ ಪಟ್ಟಿಯಲ್ಲಿ ಆಂಡ್ರಾಯ್ಡ್ ಎಡಿಬಿ ಇಂಟರ್‌ಫೇಸ್ ಅಥವಾ ಬೂಟ್‌ಲೋಡರ್ ಇಂಟರ್‌ಫೇಸ್ ಆರಿಸಿ. ಹೊಂದುತ್ತದೆಯೋ ಇಲ್ಲವೋ ಖಾತ್ರಿ ಇಲ್ಲ ಅಂತ ವಿಂಡೋಸ್ ಒಂದು ಎಚ್ಚರಿಕೆ ಕೊಡುತ್ತದೆ. ಒಪ್ಪಿ. ಫೈಲ್ ತಿದ್ದಿಲ್ಲವಾದ್ದರಿಂದ ಸಹಿ ಹಾಗೇ ಇರುತ್ತದೆ. ಆದರೆ ಕಣ್ಣು ಮುಚ್ಚಿ ಒಪ್ಪಬಾರದು. ಮೊದಲು ಡೀಟೇಲ್ಸ್ ಟ್ಯಾಬ್‌ನಲ್ಲಿ ಕಂಪ್ಯಾಟಿಬಲ್ ಐಡಿಗಳನ್ನು ನೋಡಿ. ಕ್ಲಾಸ್ ಎಫ್ಎಫ್, ಸಬ್‌ಕ್ಲಾಸ್ 42, ಪ್ರೋಟೋಕಾಲ್ 01 ಇದ್ದರೆ ಅದು ಎಡಿಬಿ. ಕೊನೆಯದು 03 ಆದರೆ ಫಾಸ್ಟ್‌ಬೂಟ್. ಇವೆರಡೂ ಅಲ್ಲದ ಸಾಧನಕ್ಕೆ ಈ ಡ್ರೈವರ್ ಬಲವಂತ ಮಾಡಬೇಡಿ.

ಹಳೆಯ ಡ್ರೈವರ್‌ಗಳ ಕಸ ಗುಡಿಸುವುದೂ ಕೆಲಸವೇ. ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಡಿವೈಸಸ್ ತೋರಿಸಿ ಅಂದರೆ ಈ ಹಿಂದೆ ಬಂದು ಹೋದ ಫೋನ್‌ಗಳೆಲ್ಲ ಮಸುಕಾಗಿ ಕಾಣುತ್ತವೆ. ತಪ್ಪು ಡ್ರೈವರ್ ಹಿಡಿದದ್ದನ್ನು ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರನ್ನೂ ತೆಗೆಯಿರಿ ಅನ್ನುವ ಚೌಕಕ್ಕೆ ಟಿಕ್ ಹಾಕಿ. ಇಲ್ಲದಿದ್ದರೆ ಮತ್ತೆ ಕೇಬಲ್ ಹಾಕಿದಾಗ ಅದೇ ಬಂದು ಕೂರುತ್ತದೆ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬರು ಲಿನಕ್ಸ್ ಬಗ್ಗೆ ಕೇಳಿದರು. ಅಲ್ಲಿ ಎಡಿಬಿಗೆ ಬೇರೆ ಡ್ರೈವರ್ ಬೇಕಾಗಿಲ್ಲ. ಎಲ್ಎಸ್‌ಯುಎಸ್‌ಬಿ (lsusb) ಅನ್ನುವ ಆಜ್ಞೆ ಕೊಟ್ಟರೆ ವಿಐಡಿ, ಪಿಐಡಿ ಒಂದೇ ಸಾಲಿನಲ್ಲಿ ಬರುತ್ತದೆ. ಅನುಮತಿ ಇಲ್ಲ ಅಂತ ಬಂದರೆ ಸಾಧನಗಳಿಗೆ ಅನುಮತಿ ನಿರ್ಧರಿಸುವ ಯುಡೆವ್ (udev) ನಿಯಮದ ಫೈಲಿನಲ್ಲಿ ಆ ವಿಐಡಿ ಸೇರಿಸಿದರೆ ಆಯಿತು. ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ ಬರೀ ಗುರುತು ಹಿಡಿಯಲಿಕ್ಕೆ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸತ್ತ ಫೋನ್ ಮಾತಾಡುತ್ತಿದೆಯಾ ಇಲ್ಲವಾ ಅಂತ ತಿಳಿಯಲು ಅದಕ್ಕಿಂತ ಬೇಗನೆಯ ದಾರಿ ಇಲ್ಲ.

ಇನ್ನೊಬ್ಬ ಹುಡುಗಿ ಕೇಳಿದ್ದು: ಡ್ರೈವರ್ ಸರಿ ಇದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿಲ್ಲ, ಆದರೂ ಎಡಿಬಿ ಪಟ್ಟಿಯಲ್ಲಿ 'ಅನ್‌ಆಥರೈಸ್ಡ್' ಅಂತ ಬರುತ್ತದೆ, ಯಾಕೆ? ಇಲ್ಲಿ ಒಪ್ಪಬೇಕಾದದ್ದು ಕಂಪ್ಯೂಟರ್ ಅಲ್ಲ, ಫೋನು. ಆಂಡ್ರಾಯ್ಡ್ 4.2.2ರಿಂದ ಪ್ರತಿ ಕಂಪ್ಯೂಟರಿನ ಕೀಲಿಯನ್ನು ಫೋನಿನ ಪರದೆಯ ಮೇಲೆ ಒಪ್ಪಿದರೆ ಮಾತ್ರ ಎಡಿಬಿ ನಡೆಯುತ್ತದೆ. ಲಾಕ್ ತೆಗೆದು, ಬರುವ ಪ್ರಶ್ನೆಗೆ ಅನುಮತಿ ಕೊಡಬೇಕು. 'ಈ ಕಂಪ್ಯೂಟರಿಗೆ ಯಾವಾಗಲೂ ಅನುಮತಿ' ಅನ್ನುವ ಚೌಕಕ್ಕೆ ಗಿರಾಕಿಯ ಫೋನಿನಲ್ಲಿ ಟಿಕ್ ಹಾಕಬೇಡಿ. ಫೋನ್ ವಾಪಸ್ ಕೊಡುವ ಮೊದಲು ಡೆವಲಪರ್ ಆಪ್ಷನ್ಸ್‌ಗೆ ಹೋಗಿ ಯುಎಸ್‌ಬಿ ಡೀಬಗ್ಗಿಂಗ್ ಅನುಮತಿಗಳನ್ನೆಲ್ಲ ರಿವೋಕ್ ಮಾಡಿ, ಡೀಬಗ್ಗಿಂಗ್ ಆಫ್ ಮಾಡಿ, ಗಿರಾಕಿಯ ಎದುರಿಗೇ ಮಾಡಿ.